ಮುಳುಗಡೆಯ ನೆನಪುಗಳಿಗೆ ಬೀಗ ಹಾಕಿದವರು ಯಾರು? ಗ್ರಂಥಾಲಯಕ್ಕೆ ತಂತ್ರಾಂಶ ಆರಿಸುವ ಮುನ್ನ ಒಂದು ಚರ್ಚೆ

ಹೊಸನಗರದಿಂದ, ನಿವೃತ್ತ ಕಾರ್ಯದರ್ಶಿ:

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಕಾರ್ಯದರ್ಶಿಯಾಗಿ ನಿವೃತ್ತನಾದವನು. ಈಗ ಊರಿನ ಗ್ರಂಥಾಲಯ ಸಮಿತಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಸಮಿತಿಗೆ ಈ ವರ್ಷ ಎರಡು ಕಂಪ್ಯೂಟರ್ ಕೊಳ್ಳುವಷ್ಟು ಹಣ ಒದಗಿದೆ. ಅವುಗಳಲ್ಲಿ ಹಣ ಕೊಟ್ಟು ಪಡೆಯುವ ತಂತ್ರಾಂಶ ಇರಬೇಕೇ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶ ಇರಬೇಕೇ ಎಂಬ ಪ್ರಶ್ನೆಯಲ್ಲೇ ಎರಡು ಸಭೆಗಳು ಮುಗಿದವು. ಸದಸ್ಯರಲ್ಲಿ ಹೆಚ್ಚಿನವರು ಇದನ್ನು ಬೆಲೆಯ ಪ್ರಶ್ನೆ ಎಂದು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ, ಏಕೆಂದರೆ ಬೆಲೆ ತೆತ್ತೂ ಕಳೆದುಕೊಂಡ ಎರಡು ಅನುಭವಗಳು ನನಗಾಗಿವೆ.

ಮೊದಲನೆಯದು ಸಂಘದ್ದು. ಸದಸ್ಯರ ಸಾಲ, ಠೇವಣಿ, ಷೇರುಗಳ ಲೆಕ್ಕವನ್ನು ನಾವು ಒಂದು ಸಣ್ಣ ಕಂಪನಿಯ ತಂತ್ರಾಂಶದಲ್ಲಿ ಇಟ್ಟಿದ್ದೆವು. ಹನ್ನೊಂದು ವರ್ಷಗಳ ನಂತರ ಆ ಕಂಪನಿ ಆ ಕೆಲಸವನ್ನೇ ಕೈಬಿಟ್ಟಿತು. ಲೆಕ್ಕವೆಲ್ಲ ನಮ್ಮದೇ, ನಮ್ಮ ಕೋಣೆಯ ಯಂತ್ರದಲ್ಲೇ ಇತ್ತು. ಆದರೆ ಅದನ್ನು ಬೇರೊಂದು ತಂತ್ರಾಂಶಕ್ಕೆ ಸಾಗಿಸುವ ದಾರಿ ಇರಲಿಲ್ಲ, ಯಾವ ಕೋಷ್ಟಕದಲ್ಲಿ ಏನಿದೆ ಎಂದು ಹೇಳಬಲ್ಲವರೂ ಸಿಗಲಿಲ್ಲ. ಕೊನೆಗೆ ಮೂವರು ಸಿಬ್ಬಂದಿ ಕೂತು, ಪರದೆಯ ಮೇಲೆ ಒಂದೊಂದೇ ಖಾತೆ ತೆರೆದು, ಕಾಗದಕ್ಕೆ ಇಳಿಸಿ, ಮತ್ತೆ ಹೊಸ ಯಂತ್ರಕ್ಕೆ ಏರಿಸಿದರು. ಒಂದು ಮಳೆಗಾಲ ಪೂರ್ತಿ ಆ ಕೆಲಸ ಹಿಡಿಯಿತು.

ಎರಡನೆಯದು ಇನ್ನೂ ನೋವಿನದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, ಶರಾವತಿಯ ಹಿನ್ನೀರು ಏರಿದಾಗ ಮನೆ, ತೋಟ, ಗದ್ದೆ ಬಿಟ್ಟು ಬಂದ ಕುಟುಂಬಗಳ ಹಿರಿಯರನ್ನು ಮಾತನಾಡಿಸಿ, 2003ರಲ್ಲಿ ನಾವು ಒಂದು ನೆನಪಿನ ಸಂಚಿಕೆ ತಂದಿದ್ದೆವು. ಅಂದು ಮಾತನಾಡಿದವರಲ್ಲಿ ಈಗ ನಾಲ್ವರು ಮಾತ್ರ ಉಳಿದಿದ್ದಾರೆ. ಮುದ್ರಿತ ಪ್ರತಿಗಳಲ್ಲಿ ಎರಡು ನಮ್ಮ ಬಳಿ ಇದ್ದವು, ಅವುಗಳಲ್ಲಿ ಒಂದನ್ನು ಒರಲೆ ತಿಂದಿದೆ. ಇನ್ನೊಂದರಲ್ಲಿ ಮಧ್ಯದ ಹಾಳೆಗಳಿಲ್ಲ. ಸಂಚಿಕೆಯ ಕಡತವಿರುವ ಸಿ.ಡಿ. ಮಾತ್ರ ಸುರಕ್ಷಿತವಾಗಿದೆ. ಅದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಒಂದು ಅಕ್ಷರವೂ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಸಾಲುಗಳು ಬರುತ್ತವೆ. ಅಕ್ಷರಶೈಲಿ (ಫಾಂಟ್) ಮಾರಿದ ಕಂಪನಿಯವರು ಡಾಂಗಲ್ ಎಂಬ, ಬೀಗದ ಕೀಲಿಯಂಥ ಒಂದು ಸಣ್ಣ ಸಾಧನ ಕೊಟ್ಟಿದ್ದರಂತೆ, ಅದನ್ನು ಕಂಪ್ಯೂಟರಿನ ಹಿಂಬದಿಯ ಪ್ರಿಂಟರ್ ಕಿಂಡಿಗೆ ಸಿಕ್ಕಿಸಿದರೆ ಮಾತ್ರ ಅಕ್ಷರಗಳು ಬರುತ್ತಿದ್ದವಂತೆ. ಆ ಡಾಂಗಲ್ ಎಲ್ಲಿದೆಯೋ ಗೊತ್ತಿಲ್ಲ. ಇದ್ದರೂ ಸಿಕ್ಕಿಸಲು ಇಂದಿನ ಯಂತ್ರಗಳಲ್ಲಿ ಅಂಥ ಕಿಂಡಿಯೇ ಇಲ್ಲ.

ನೆನಪು ಹೇಳಿದವರು ನಮ್ಮವರು, ಬರೆದುಕೊಂಡವರು ನಮ್ಮವರು, ಮುದ್ರಣದ ಹಣವನ್ನೂ ನಾವೇ ಒಟ್ಟುಗೂಡಿಸಿದ್ದೆವು. ಹೀಗಿದ್ದೂ ಅದನ್ನು ಓದುವ ಹಕ್ಕು ಹೇಗೆ ನಮ್ಮ ಕೈತಪ್ಪಿತು ಎಂಬುದನ್ನು ಬಲ್ಲವರು ತಿಳಿಸಬೇಕು.

ತೀರ್ಥಹಳ್ಳಿಯಿಂದ, ಡಿಟಿಪಿ ಅಂಗಡಿಯವರು:

ಕಾರ್ಯದರ್ಶಿಗಳೇ, ನಿಮ್ಮ ಸಂಚಿಕೆ ಹಾಳಾಗಿಲ್ಲ, ಧೈರ್ಯವಾಗಿರಿ. ಇಪ್ಪತ್ತನಾಲ್ಕು ವರ್ಷಗಳಿಂದ ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಸಂಸ್ಮರಣ ಗ್ರಂಥ ಎಲ್ಲವನ್ನೂ ಜೋಡಿಸಿದ ಅನುಭವದಿಂದ ಏನಾಗಿದೆ ಎಂಬುದನ್ನು ವಿವರಿಸುತ್ತೇನೆ.

ಆಗ ಕನ್ನಡಕ್ಕೆಂದು ಕಂಪ್ಯೂಟರಿನಲ್ಲಿ ಪ್ರತ್ಯೇಕ ಸ್ಥಾನ ಬಳಕೆಗೆ ಬಂದಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ತಮ್ಮದೇ ಸಂಖ್ಯೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು, ಆದರೆ ಅಂಗಡಿಗಳ ಮಟ್ಟಕ್ಕೆ ಅದು ಇಳಿಯಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಪ್ರತಿಯೊಂದು ಕಂಪನಿಯೂ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸುತ್ತಿತ್ತು: ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತು. ಯಾವ ಮನೆಯಲ್ಲಿ ಯಾವ ತುಂಡು ಎಂಬುದು ಆ ಕಂಪನಿಗೆ ಮಾತ್ರ ಗೊತ್ತು. ಒಬ್ಬರ ಅಕ್ಷರಶೈಲಿಯಲ್ಲಿ ಬರೆದದ್ದನ್ನು ಇನ್ನೊಬ್ಬರದರಲ್ಲಿ ತೆರೆದರೆ ಕಲಸುಮೇಲೋಗರವಾಗುತ್ತಿತ್ತು. ನಮ್ಮ ಅಂಗಡಿಗಳು ಆಗ ಆಶ್ರಯಿಸಿದ್ದ, ಪುಟ ಜೋಡಿಸುವ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದ ತಂತ್ರಾಂಶ; ಅದರ ಏಳನೆಯ ಆವೃತ್ತಿ 2001ರಲ್ಲಿ ಬಂತು, ಎಂಟನೆಯದು ಬರಲೇ ಇಲ್ಲ. ಈ ಜಿಲ್ಲೆಯಲ್ಲಿ ಈಗಲೂ ಅದನ್ನೇ ನಡೆಸುವ ಅಂಗಡಿಗಳಿವೆ, ಏಕೆಂದರೆ ಹಳೆಯ ಕಡತಗಳೆಲ್ಲ ಅದರಲ್ಲೇ ಇವೆ.

ನಿಮ್ಮ ಕಡತದಲ್ಲಿರುವ ತುಂಡುಗಳ ಕ್ರಮ ತಿಳಿದರೆ ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಹಣಕ್ಕಾಗಿ ಅಲ್ಲದೆ ಕನ್ನಡದ ಮೇಲಿನ ಪ್ರೀತಿಗಾಗಿ ಕೆಲವು ತಂತ್ರಜ್ಞರು ಇಂಥ ಪರಿವರ್ತಕಗಳನ್ನು ಬರೆದು, ಅವುಗಳ ಮೂಲ ಕೋಡನ್ನೂ, ಅಂದರೆ ತಂತ್ರಾಂಶದ ಒಳಗಿನ ಬರವಣಿಗೆಯನ್ನೂ, ಬಹಿರಂಗವಾಗಿ ಇಟ್ಟಿದ್ದಾರೆ. ಅದರಿಂದ ನನಗಾದ ಉಪಕಾರವನ್ನು ಇಲ್ಲಿ ಹೇಳಲೇಬೇಕು. ಹಳೆಯ ಶೈಲಿಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಕ್ರಮ ಬದಲಿಸದೆ ಪರಿವರ್ತಿಸಿದರೆ 'ಸೂರ್ಯ' ಎಂಬುದು 'ಸೂಯರ್' ಆಗುತ್ತದೆ, 'ಕರ್ಮ' ಎಂಬುದು 'ಕಮರ್' ಆಗುತ್ತದೆ. ನಾನು ಬಳಸುತ್ತಿದ್ದ ಒಂದು ಅಪರೂಪದ ಶೈಲಿಗೆ ಈ ತಪ್ಪು ಬರುತ್ತಿತ್ತು. ನನಗೆ ಕೋಡ್ ಬರೆಯಲು ಬರುವುದಿಲ್ಲ. ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗ ಅದನ್ನು ತೆರೆದು ನೋಡಿ, ಅಕ್ಷರಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಸಂಜೆಯೊಳಗೆ ಸರಿಪಡಿಸಿಕೊಟ್ಟ. ಅದೇ ಬೀಗ ಹಾಕಿದ ತಂತ್ರಾಂಶವಾಗಿದ್ದರೆ ನಾನು ಕಂಪನಿಗೆ ಪತ್ರ ಬರೆದು ಕಾಯುತ್ತಿದ್ದೆ.

ಒಂದು ಮಾತು ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ ಎಕ್ಸ್‌ಪಿ ಜೊತೆ ಕೊಟ್ಟ ಕನ್ನಡ ಅಕ್ಷರಶೈಲಿಯ ಹೆಸರು 'ತುಂಗಾ'. ನನ್ನ ಅಂಗಡಿಯ ಹಿಂದೆಯೇ ಹರಿಯುವ ಹೊಳೆಯ ಹೆಸರು. ಹೊಳೆಯ ನೀರನ್ನು ಯಾರು ಬೇಕಾದರೂ ಬೊಗಸೆಯಲ್ಲಿ ಎತ್ತಿಕೊಳ್ಳಬಹುದು, ಆದರೆ ಆ ಅಕ್ಷರಶೈಲಿಯನ್ನು ತಿದ್ದಿ ಹಂಚಲು ನಮಗೆ ಅನುಮತಿ ಇಲ್ಲ. ಲೋಹಿತ್, ನವಿಲು, ಗುಬ್ಬಿ, ನೋಟೊ ಇವುಗಳಿಗೆ ಆ ಅನುಮತಿ ಇದೆ.

ಬೆಂಗಳೂರಿನಿಂದ, ಶಿವಮೊಗ್ಗದ ತಂತ್ರಾಂಶ ಉದ್ಯೋಗಿ:

ಹಿರಿಯರಿಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ ಕೆಲವು ಎಳೆಗಳನ್ನು ಬಿಡಿಸಿ ನೋಡಬೇಕು ಎನಿಸುತ್ತದೆ, ಏಕೆಂದರೆ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿವೆ.

ಇಂಗ್ಲಿಷಿನಲ್ಲಿ ಉಚಿತಕ್ಕೂ ಸ್ವತಂತ್ರಕ್ಕೂ ಒಂದೇ ಪದ ಇರುವುದರಿಂದ ಅಲ್ಲಿ ಗೊಂದಲ ಸಹಜ. ನಮ್ಮಲ್ಲಿ ಎರಡು ಪದಗಳಿದ್ದೂ ನಾವು ಬೆರೆಸುತ್ತೇವೆ. 'ಬರಹ' ತಂತ್ರಾಂಶ ಮೊದಲ ವರ್ಷಗಳಲ್ಲಿ ಉಚಿತವಾಗಿ ಸಿಗುತ್ತಿತ್ತು, ಸಾವಿರಾರು ಜನ ಅದರಿಂದಲೇ ಕನ್ನಡ ಬೆರಳಚ್ಚು ಕಲಿತರು; ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದು ಬರೆದವರ ಹಕ್ಕು, ಅವರನ್ನು ದೂರುವಂತಿಲ್ಲ. ಆದರೆ ಉಚಿತ ಎಂಬುದು ಕೊಡುವವರ ಇಷ್ಟ. ಮುಕ್ತ ಪರವಾನಗಿ ಎಂಬುದು ಒಮ್ಮೆ ಕೊಟ್ಟ ಮೇಲೆ ಆ ಆವೃತ್ತಿಯ ಮಟ್ಟಿಗೆ ಹಿಂದೆ ಪಡೆಯಲಾಗದ ವಾಗ್ದಾನ. ಪತ್ರ, ಕೋಷ್ಟಕ ಮುಂತಾದ ಕಚೇರಿ ಕೆಲಸಕ್ಕೆ ಬಳಸುವ ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶದ ಕಥೆಯಲ್ಲಿ ಇದು ಕಾಣುತ್ತದೆ. ಅದನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು ಒರಾಕಲ್ ಎಂಬ ಇನ್ನೊಂದು ಕಂಪನಿ 2010ರಲ್ಲಿ ಕೊಂಡಾಗ, ಅದನ್ನು ಕಟ್ಟುತ್ತಿದ್ದವರಲ್ಲಿ ಹಲವರಿಗೆ ಮುಂದಿನ ದಾರಿಯ ಬಗ್ಗೆ ಆತಂಕವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮೂಲ ಕೋಡನ್ನು ತೆಗೆದುಕೊಂಡು ಹೊರಬಂದು ಲಿಬ್ರೆ ಆಫೀಸ್ ಕಟ್ಟಿದರು. ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಒಪ್ಪಿಗೆ ಪರವಾನಗಿಯಲ್ಲೇ ಇತ್ತು. ಕಾರ್ಯದರ್ಶಿಗಳ ಸಂಘಕ್ಕೆ ಇಲ್ಲದೆ ಹೋದದ್ದು ಇದೇ ದಾರಿ.

ಸ್ವತಂತ್ರ ತಂತ್ರಾಂಶ, ಓಪನ್ ಸೋರ್ಸ್ ಎಂಬ ಎರಡು ಹೆಸರುಗಳ ಹಿಂದೆ ಎರಡು ಮನೋಧರ್ಮಗಳಿವೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಪ್ರಕಟಿಸಿದ್ದು ನ್ಯಾಯದ ಪ್ರಶ್ನೆಯಾಗಿ: ಬಳಸುವವನಿಗೆ ತಿದ್ದುವ, ಹಂಚುವ ಹಕ್ಕು ಇರಬೇಕು ಎಂದು. ಅವರಿಗೆ ಆ ಕಿಚ್ಚು ಹತ್ತಿದ ಕಾರಣಗಳಲ್ಲಿ ಒಂದು, ಎಂ.ಐ.ಟಿ. ಪ್ರಯೋಗಾಲಯದ ಒಂದು ಲೇಸರ್ ಪ್ರಿಂಟರಿನ ತಂತ್ರಾಂಶದ ಮೂಲ ಕೋಡ್ ಕೇಳಿದಾಗ ಸಿಗದೆ ಹೋದದ್ದು. ಓಪನ್ ಸೋರ್ಸ್ ಎಂಬ ಹೆಸರು 1998ರಲ್ಲಿ ಬಂದದ್ದು ಉದ್ಯಮಗಳಿಗೆ ಒಪ್ಪಿಗೆಯಾಗುವಂತೆ, ಹೀಗೆ ಕಟ್ಟಿದರೆ ತಂತ್ರಾಂಶ ಚೆನ್ನಾಗಿರುತ್ತದೆ ಎಂಬ ವಾದದೊಡನೆ.

ಇನ್ನು ಸ್ವಾಮ್ಯದ, ಅಂದರೆ ಕಂಪನಿಯೇ ಕೋಡನ್ನು ತನ್ನ ಕೈಯಲ್ಲಿಟ್ಟುಕೊಂಡ, ತಂತ್ರಾಂಶದ ಪರವಾಗಿ ಪ್ರಾಮಾಣಿಕವಾಗಿ ಹೇಳಬೇಕಾದದ್ದು. ನನ್ನ ಸಂಬಳ ಅಂಥ ತಂತ್ರಾಂಶದಿಂದ ಬರುತ್ತದೆ. ಹಣ ಕೊಡುವ ಗ್ರಾಹಕನಿದ್ದಾಗ, ಯಾರೂ ಇಷ್ಟಪಟ್ಟು ಮಾಡದ ಬೇಸರದ ಕೆಲಸಗಳೂ ಆಗುತ್ತವೆ. ತೆರಿಗೆ ನಿಯಮ ಬದಲಾದ ವಾರದಲ್ಲೇ ಲೆಕ್ಕದ ತಂತ್ರಾಂಶ ಬದಲಾಗಬೇಕು. ದೃಷ್ಟಿದೋಷ ಇರುವವರಿಗೆ ಪರದೆ ಓದಿಸುವ ವ್ಯವಸ್ಥೆಯನ್ನು ಪ್ರತಿ ಆವೃತ್ತಿಯಲ್ಲೂ ಪರೀಕ್ಷಿಸಬೇಕು. ರಾತ್ರಿ ಎರಡಕ್ಕೆ ಕರೆ ಬಂದರೆ ಎತ್ತಬೇಕು. ಉತ್ಸಾಹದಿಂದ ಆರಂಭವಾದ ಎಷ್ಟೋ ಮುಕ್ತ ಯೋಜನೆಗಳು ಈ ಹಂತದಲ್ಲೇ ಸೊರಗುತ್ತವೆ.

ಸಾಗರದಿಂದ, ಪ್ರೌಢಶಾಲಾ ಶಿಕ್ಷಕಿ:

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ದಾನಿಗಳು ಕೊಟ್ಟ ಹನ್ನೆರಡು ಹಳೆಯ ಕಂಪ್ಯೂಟರುಗಳಿವೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಈ ಯಂತ್ರಗಳಲ್ಲಿ ಇಲ್ಲ. ಯಂತ್ರಗಳು ಕೆಟ್ಟಿಲ್ಲ, ಮಕ್ಕಳು ಅವುಗಳಲ್ಲಿ ಕಲಿಯುತ್ತಿದ್ದಾರೆ, ಆದರೂ ಅವನ್ನು ಗುಜರಿಗೆ ಹಾಕಬೇಕೆಂದು ನಮಗೆ ಹೇಳಲಾಯಿತು. ನಾನು ಒಪ್ಪಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ಒಂಬತ್ತು ಯಂತ್ರಗಳಿಗೆ ವಿಂಡೋಸ್ ಬದಲಿಗೆ ಡೆಬಿಯನ್ ಎಂಬ, ಲಿನಕ್ಸಿನ ಒಂದು ಮುಕ್ತ ರೂಪವನ್ನು ಹಾಕಿದೆವು. ಅವು ಈಗ ಮೊದಲಿಗಿಂತ ಚುರುಕಾಗಿವೆ.

ಕನ್ನಡ ಬೆರಳಚ್ಚಿನ ಬಗ್ಗೆ ನನಗೆ ಅಳುಕಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸಕ್ಕೆ, ಅಂದರೆ 'ನುಡಿ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ನಮ್ಮ ಕೈಗೆ ರೂಢಿಯಾದ ಆ ಕ್ರಮಕ್ಕೆ, ನಾವೆಲ್ಲ ಹೊಂದಿಕೊಂಡವರು. ಅದೇ ಕ್ರಮ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನ ಒಳಗೇ ಇದೆ, ಹೊಸದಾಗಿ ಏನನ್ನೂ ಹಾಕಬೇಕಾಗಿಲ್ಲ. ಮಳೆಗಾಲದಲ್ಲಿ ಇಲ್ಲಿ ದಿನಗಟ್ಟಲೆ ಇಂಟರ್ನೆಟ್ ಇರುವುದಿಲ್ಲ, ಆದ್ದರಿಂದ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಯಂತ್ರಗಳಲ್ಲೇ ಇರಿಸಿದ್ದೇವೆ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಊರಿನ ಅಂಗಡಿಯಲ್ಲಿ ಸಿಕ್ಕ ಅಗ್ಗದ ಪ್ರಿಂಟರನ್ನು ಲಿನಕ್ಸಿನಲ್ಲಿ ನಡೆಸಲು ಮೂರು ವಾರ ಒದ್ದಾಡಿ, ಕೊನೆಗೆ ಬೇರೆಯದನ್ನೇ ತಂದೆವು. ಇಲಾಖೆಯಿಂದ ಬರುವ ಕೆಲವು ಕಡತಗಳು ಲಿಬ್ರೆ ಆಫೀಸಿನಲ್ಲಿ ತೆರೆದಾಗ ಕೋಷ್ಟಕಗಳು ಅಂಚು ದಾಟಿ ಹೋಗುತ್ತವೆ. ಕೇರಳದ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ಮಾಡುತ್ತಿವೆ. ಅಲ್ಲಿ ಶಿಕ್ಷಕರಿಗೆ ತರಬೇತಿ, ಪಠ್ಯ, ಯಂತ್ರ ಮೂರೂ ಒಟ್ಟಿಗೆ ಸಿಕ್ಕಿದವು. ನನಗೆ ಸಿಕ್ಕಿದ್ದು ಒಬ್ಬ ಹಳೆಯ ವಿದ್ಯಾರ್ಥಿ. ಅವನು ನಾಳೆ ಬೆಂಗಳೂರಿಗೆ ಹೋದರೆ ಮುಂದೇನು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಒಂದು ಸಮಾಧಾನವೆಂದರೆ, ಮುಕ್ತ ತಂತ್ರಾಂಶದ ಕೋಡನ್ನು ಜಗತ್ತೆಲ್ಲ ನೋಡುತ್ತಿರುವುದರಿಂದ ಇದರಲ್ಲಿ ಕಳ್ಳತನಕ್ಕೆ ಅವಕಾಶವಿಲ್ಲ.

ಶಿವಮೊಗ್ಗದಿಂದ, ಅಡಿಕೆ ಮಂಡಿಯ ಲೆಕ್ಕಿಗ:

ನಾನು ಹೇಳುವುದು ಸ್ವಲ್ಪವೇ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಬಗೆಗಳ ಹೆಸರಿನಲ್ಲಿ ದಿನಕ್ಕೆ ನೂರಾರು ಚೀಟಿ ಬರೆಯುವ ನಮಗೆ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಿಟ್ಟರೆ ಕೈ ಓಡುವುದಿಲ್ಲ. ಜಿ.ಎಸ್.ಟಿ. 2017ರ ಜುಲೈ 1ರಂದು ಬಂದಾಗ ನಮ್ಮ ಲೆಕ್ಕ ಒಂದು ದಿನವೂ ನಿಲ್ಲಲಿಲ್ಲ. ಕೆಲಸ ಹುಡುಕಿಕೊಂಡು ಬರುವ ಬಿ.ಕಾಂ. ಮಕ್ಕಳನ್ನು ನಾವು ಮೊದಲು ಕೇಳುವ ಪ್ರಶ್ನೆಯೂ ಅದೇ. ಶಾಲೆಯಲ್ಲಿ ಬೇರೆ ಏನು ಕಲಿಸಿದರೂ ಸಂತೋಷ, ಆದರೆ ಹೊಟ್ಟೆಪಾಡಿನ ವಿದ್ಯೆಯನ್ನು ಕೈಬಿಡಬೇಡಿ ಮೇಡಂ. ಆದರೂ ಕಾರ್ಯದರ್ಶಿಗಳ ಸಂಘದ ಕಥೆ ಓದಿ, ನಮ್ಮ ಲೆಕ್ಕವನ್ನು ಪ್ರತಿ ತಿಂಗಳೂ ಸಾದಾ ಕೋಷ್ಟಕವಾಗಿ ಬೇರೆ ಕಡೆ ತೆಗೆದಿಡುವುದನ್ನು ನಿನ್ನೆಯಿಂದ ಆರಂಭಿಸಿದ್ದೇನೆ.

ಬೆಂಗಳೂರಿನಿಂದ, ಶಿವಮೊಗ್ಗದ ತಂತ್ರಾಂಶ ಉದ್ಯೋಗಿ:

ಮೇಡಂ, ಒಂದು ಮಾತನ್ನು ವಿನಯದಿಂದ ತಿದ್ದಬೇಕು. ನೋಡಬಹುದು ಎಂಬುದೂ ನೋಡುತ್ತಿದ್ದಾರೆ ಎಂಬುದೂ ಒಂದೇ ಅಲ್ಲ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಒಂದು ಸಣ್ಣ ತಂತ್ರಾಂಶವಿದೆ. ಲಿನಕ್ಸಿನ ಬಹುತೇಕ ಎಲ್ಲ ರೂಪಗಳಲ್ಲೂ ಇರುತ್ತದೆ. ಅದನ್ನು ಒಬ್ಬರೇ ವ್ಯಕ್ತಿ, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ನೆರವಿಗೆ ಬಂದಂತೆ ನಟಿಸಿದ ಒಬ್ಬ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, 2024ರ ಆರಂಭದಲ್ಲಿ ಅದರೊಳಗೆ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲೊಂದನ್ನು ಇಟ್ಟ. ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದಿಂದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಅವರಿಗೆ ಸರಿಕಾಣಲಿಲ್ಲ. ಬೆನ್ನುಹತ್ತಿ ಹೋದರು, ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಮೂಲ ತೆರೆದಿದ್ದರಿಂದಲೇ ಅವರು ಬುಡದವರೆಗೆ ಹೋಗಲು ಸಾಧ್ಯವಾಯಿತು ಎಂಬುದು ನಿಜ. ದುಡಿಯುತ್ತಿದ್ದವನ ಹೆಗಲಿಗೆ ಯಾರೂ ಹೆಗಲು ಕೊಡದೆ ಇದ್ದದ್ದರಿಂದಲೇ ಆ ಅಪರಿಚಿತ ಒಳಬಂದ ಎಂಬುದೂ ಅಷ್ಟೇ ನಿಜ.

ಹಾಗೆಯೇ, ಎರಡು ಪಾಳಯಗಳ ನಡುವೆ ಬೇಲಿ ಅಷ್ಟು ಗಟ್ಟಿಯಾಗಿಲ್ಲ. ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶದಿಂದ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲವೂ ಅದನ್ನೇ ಆಶ್ರಯಿಸಿವೆ. ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಅದರ ಕೆಲಸ ಮಾಡಿಸಿವೆ.

ಭದ್ರಾವತಿಯಿಂದ, ಕಾಲೇಜು ಗ್ರಂಥಪಾಲಕಿ:

ಪ್ರಶ್ನೆ ಗ್ರಂಥಾಲಯದ್ದಾದ್ದರಿಂದ ಗ್ರಂಥಾಲಯದ ಪುಸ್ತಕಗಳ ಸೂಚಿ ಇಡುವ ಕೊಹಾ ಎಂಬ ಮುಕ್ತ ತಂತ್ರಾಂಶದ ಬಗ್ಗೆ ನಾನು ಹೇಳದಿದ್ದರೆ ತಪ್ಪಾಗುತ್ತದೆ. ಅದು ದೊಡ್ಡ ನಗರದಲ್ಲಿ ಹುಟ್ಟಿದ್ದಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಪ್ರದೇಶದ ಗ್ರಂಥಾಲಯದವರ ಹಳೆಯ ತಂತ್ರಾಂಶ 2000ದ ಇಸವಿಯನ್ನು ದಾಟಲಾರದಾಗಿತ್ತು. ಹೊಸದನ್ನು ಕೊಳ್ಳುವ ಬದಲು ಅವರು ಒಂದು ಸ್ಥಳೀಯ ಕಂಪನಿಗೆ ಹಣ ಕೊಟ್ಟು ಬರೆಸಿದರು. 2000ದ ಜನವರಿಯಲ್ಲಿ ಬಳಕೆಗೆ ತಂದು, ನಂತರ ಜಿ.ಪಿ.ಎಲ್. ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಗಮನಿಸಿ, ಬರೆದವರಿಗೆ ಹಣ ಸಿಕ್ಕಿತು. ಮುಕ್ತ ತಂತ್ರಾಂಶವೆಂದರೆ ಬಿಟ್ಟಿ ದುಡಿಮೆ ಎಂದು ತಿಳಿಯಬೇಕಾಗಿಲ್ಲ. ಕೊಹಾ ಎಂಬುದು ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಉಡುಗೊರೆಯ ಹೆಸರು, ಅದರಲ್ಲೂ ಮರಳಿ ಕೊಡುವ ನಿರೀಕ್ಷೆ ಇರುವ ಉಡುಗೊರೆ. ಇಂದು ಭಾರತದ ನೂರಾರು ಗ್ರಂಥಾಲಯಗಳಲ್ಲಿ ಅದು ನಡೆಯುತ್ತಿದೆ. ಪುಸ್ತಕಗಳ ವಿವರ ಮಾರ್ಕ್ ಎಂಬ ಪ್ರಮಾಣಿತ ಕ್ರಮದಲ್ಲಿ ಇರುವುದರಿಂದ ನಾಳೆ ಕೊಹಾ ಬೇಡವೆನಿಸಿದರೂ ನಿಮ್ಮ ಸೂಚಿಯನ್ನು ಪೂರ್ತಿಯಾಗಿ ಹೊರತೆಗೆಯಬಹುದು. ಎರಡು ಸಾವಿರ ಪುಸ್ತಕಗಳ ಊರಿನ ಗ್ರಂಥಾಲಯಕ್ಕೆ ಅದು ತುಸು ಭಾರವಾದೀತು. ಬಯಸಿದರೆ ನಾನು ಬಂದು ಹಾಕಿಕೊಡುತ್ತೇನೆ.

ಹೊಸನಗರದಿಂದ, ನಿವೃತ್ತ ಕಾರ್ಯದರ್ಶಿ:

ಗ್ರಂಥಪಾಲಕಿಯವರು ಹೇಳಿದ ಆ ಪದ ನನ್ನ ಮನಸ್ಸಿನಲ್ಲೇ ಉಳಿಯಿತು. ನಮ್ಮಲ್ಲಿ ಅದಕ್ಕೆ ಮುಯ್ಯಿ ಎನ್ನುತ್ತೇವೆ. ನಾನು ಚಿಕ್ಕವನಿದ್ದಾಗ ನಾಟಿಗೆ, ಕೊಯ್ಲಿಗೆ, ಅಡಿಕೆ ಸುಲಿಯಲು ಮುಯ್ಯಾಳುಗಳು ಬರುತ್ತಿದ್ದರು. ಕೂಲಿಯಿರಲಿಲ್ಲ, ಅವರ ಮನೆಯ ಕೆಲಸಕ್ಕೆ ನಮ್ಮ ಮನೆಯ ಆಳು ಹೋಗಲೇಬೇಕಿತ್ತು. ಮುಯ್ಯಿ ತೀರಿಸದವನ ಗದ್ದೆಗೆ ಮರುವರ್ಷ ಯಾರೂ ಇಳಿಯುತ್ತಿರಲಿಲ್ಲ. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದ ಆ ದಣಿದ ಮನುಷ್ಯನ ಗದ್ದೆಯಲ್ಲಿ ಲೋಕವೆಲ್ಲ ಉಂಡಿತು, ನಾಟಿಗೆ ಯಾರೂ ಹೋಗಲಿಲ್ಲ.

ಆದ್ದರಿಂದ ಸಮಿತಿಯ ಮುಂದೆ ನಾನು ಇಡಲಿರುವ ಪ್ರಸ್ತಾಪ ಹೀಗಿದೆ. ಎರಡೂ ಯಂತ್ರಗಳಿಗೆ ಲಿನಕ್ಸ್, ಸೂಚಿಗೆ ಕೊಹಾ. ತಂತ್ರಾಂಶಕ್ಕೆಂದು ಕಾದಿಟ್ಟ ಹದಿನೆಂಟು ಸಾವಿರ ರೂಪಾಯಿಯನ್ನು ಉಳಿತಾಯವೆಂದು ಬರೆಯದೆ, ಅರ್ಧವನ್ನು ನಾವು ಬಳಸುವ ಕನ್ನಡದ ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆ ಕೊಡುವುದು, ಉಳಿದರ್ಧದಲ್ಲಿ ಊರಿನ ಇಬ್ಬರು ಯುವಕರಿಗೆ ನಿರ್ವಹಣೆಯ ತರಬೇತಿ ಕೊಡಿಸುವುದು. ಒಬ್ಬರು ಬೆಂಗಳೂರಿಗೆ ಹೋದರೂ ಇನ್ನೊಬ್ಬರು ಉಳಿಯಲಿ. ಮುಂದೆ ಯಾವುದೇ ತಂತ್ರಾಂಶವನ್ನು, ಮುಕ್ತವಾಗಲಿ ಸ್ವಾಮ್ಯದ್ದಾಗಲಿ, ತರುವ ಮೊದಲು ನಮ್ಮ ದಾಖಲೆಗಳನ್ನು ಅದರಿಂದ ಹೊರತೆಗೆದು, ಬೇರೊಂದರಲ್ಲಿ ತೆರೆದು ತೋರಿಸಿದ ಮೇಲೆಯೇ ಠರಾವು ಮಾಡಬೇಕು. ಲೆಕ್ಕಿಗರು ತಮ್ಮ ಟ್ಯಾಲಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಪ್ರತಿ ತಿಂಗಳು ಪ್ರತಿ ತೆಗೆದಿಡುತ್ತೇನೆ ಎಂದಿದ್ದಾರಲ್ಲ, ನನ್ನ ಸಂಘಕ್ಕೆ ಆ ಬುದ್ಧಿ ಇದ್ದಿದ್ದರೆ ಆ ಮಳೆಗಾಲ ಉಳಿಯುತ್ತಿತ್ತು.

ತೀರ್ಥಹಳ್ಳಿಯಿಂದ, ಡಿಟಿಪಿ ಅಂಗಡಿಯವರು:

ಕಾರ್ಯದರ್ಶಿಗಳೇ, ನೀವು ಕಳಿಸಿದ ಕಡತದ ಮೊದಲ ಎಂಟು ಪುಟಗಳು ನಿನ್ನೆ ರಾತ್ರಿ ಯೂನಿಕೋಡಿಗೆ ಬಂದವು. ಆ ಶೈಲಿಯ ಅಕ್ಷರಕ್ರಮ ಯಾವ ಪಟ್ಟಿಯಲ್ಲೂ ಇರಲಿಲ್ಲ. ಒರಲೆ ತಿಂದ ಪ್ರತಿಯಲ್ಲಿ ಉಳಿದ ಹಾಳೆಗಳ ಚಿತ್ರ ನೋಡಿಕೊಂಡು, ಪಕ್ಕದ ಮನೆಯ ಹುಡುಗನೂ ನಾನೂ ಒಂದೊಂದೇ ತುಂಡನ್ನು ಹೊಂದಿಸಿದೆವು. ಆ ಪಟ್ಟಿಯನ್ನು ಪರಿವರ್ತಕದ ಮೂಲ ಬರೆದವರಿಗೂ ಕಳಿಸಿದ್ದೇವೆ, ಇದೇ ಶೈಲಿಯಲ್ಲಿ ಸಿಕ್ಕಿಬಿದ್ದ ಬೇರೆ ಊರಿನವರ ಕಡತಗಳಿಗೂ ಅದು ಬಳಕೆಗೆ ಬರುತ್ತದೆ.

ಒಂದು ಕೆಲಸ ಮಾತ್ರ ನಮ್ಮಿಂದ ಆಗುವುದಿಲ್ಲ. ಆರನೆಯ ಪುಟದಲ್ಲಿ ಮುಳುಗಿದ ಊರುಗಳ, ಕೇರಿಗಳ, ತೋಟಗಳ ಹೆಸರಿನ ಪಟ್ಟಿಯಿದೆ. ಸಾಮಾನ್ಯ ಪದಗಳಲ್ಲಿ ಒತ್ತು ತಪ್ಪಿದರೆ ನಾವು ಹಿಡಿಯುತ್ತೇವೆ. ಆದರೆ ನೀರಿನಡಿಯ ಆ ಹೆಸರುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಯಾವ ನಿಘಂಟೂ ಹೇಳುವುದಿಲ್ಲ. ಉಳಿದಿರುವ ಆ ನಾಲ್ವರು ಹಿರಿಯರ ಮುಂದೆ ಕೂತು ಓದಿಸಬೇಕು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹುಡುಗನನ್ನು ಕರೆದುಕೊಂಡು ಬರುತ್ತೇನೆ. ದಯವಿಟ್ಟು ಅವರಿಗೆ ಮೊದಲೇ ತಿಳಿಸಿರಿ.